ಗ್ರಾಮಫೋನ್ ತಟ್ಟೆ ಮತ್ತು ಗಡಿಯ ಕನ್ನಡ

ಹಾಡನ್ನು ಸುರುಳಿ ಗೆರೆಯಾಗಿ ಕೊರೆದಿಟ್ಟು, ಮುಳ್ಳಿನ ಮೊನೆಯಿಂದ ಮತ್ತೆ ಕೇಳಿಸುವ ಚಪ್ಪಟೆ ತಟ್ಟೆಗೆ ಗ್ರಾಮಫೋನ್ ತಟ್ಟೆ ಎಂದು ಹೆಸರು. ಪುಸ್ತಕದ ಕನ್ನಡದಲ್ಲಿ ಅದು ಧ್ವನಿಮುದ್ರಿಕೆ, ಮನೆಮಾತಿನಲ್ಲಿ ಪ್ಲೇಟು ಇಲ್ಲವೆ ರಿಕಾರ್ಡು, ಮರಾಠಿಯಲ್ಲಿ ತಬಕಡಿ. ಉತ್ತರ ಕರ್ನಾಟಕದಲ್ಲಿಯೂ ಅದಕ್ಕೆ ಹೊಂದಿದ ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿಯೂ ದೀಪ ಹಚ್ಚಿದಂತೆಯೇ ರಿಕಾರ್ಡನ್ನೂ ‘ಹಚ್ಚುತ್ತಾರೆ’. ಒಂದು ಮಗ್ಗುಲಿಗೆ ಒಂದೇ ಹಾಡು ಹಿಡಿಸುವ ಚಿಕ್ಕ ತಟ್ಟೆ ಮತ್ತು ಕೆಲವೇ ಪ್ರತಿಗಳಲ್ಲಿ ಹೊರಬಂದ ಪ್ರಯೋಗದ ತಟ್ಟೆಗಳು ಈ ಲೇಖನದ ವಿಷಯ. ನೋಡುವ ಜಾಗ ಗಡಿನಾಡು. ಕನ್ನಡ ತಟ್ಟೆ ಎಂದರೆ ನಡುವಿನ ಚೀಟಿಯ ಮೇಲೆ ಕನ್ನಡ ಎಂದು ಅಚ್ಚಾದ ತಟ್ಟೆ ಮಾತ್ರ ಎಂದು ಹಿಡಿದರೆ ಕನ್ನಡ ಗಂಟಲಿನ ದೊಡ್ಡ ಪಾಲು ಲೆಕ್ಕದಿಂದ ಹೊರಗೆ ಬೀಳುತ್ತದೆ. ಅದು ಗಡಿಯಲ್ಲಿ ನಿಂತವರಿಗೆ ಬೇಗ ಕಾಣುತ್ತದೆ.

ಆ ಗಡಿನಾಡಿಗೆ ಒಂದು ಉದಾಹರಣೆ ನಾಗಣಸೂರ, ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ, ಅಕ್ಕಲಕೋಟೆ ತಾಲೂಕಿನ ಊರು. ಹೋಟಗಿಯಿಂದ ವಾಡಿಯ ಕಡೆಗೆ ಸಾಗುವ ರೈಲುದಾರಿಯಲ್ಲಿ ಅಕ್ಕಲಕೋಟೆ ರೋಡ್ ದಾಟಿದ ಮೇಲೆ ಅದರ ಹೆಸರಿನ ನಿಲ್ದಾಣ ಬರುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಅಕ್ಕಲಕೋಟೆ ಭೋಸಲೆ ಮನೆತನದ ಸಂಸ್ಥಾನವಾಗಿದ್ದು, 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರ ಭಾಷಾವಾರು ವಿಂಗಡಣೆಯಲ್ಲಿ ಬಿಜಾಪುರ, ಧಾರವಾಡ, ಬೆಳಗಾವಿಗಳು ಮೈಸೂರು ರಾಜ್ಯಕ್ಕೆ ಹೋದವು. ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿಯೇ ಉಳಿದು 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು.

ತಟ್ಟೆಯ ಕಥೆಗೆ ರಾಜ್ಯದ ಗೆರೆಗಿಂತ ರೈಲಿನ ಗೆರೆ ಮುಖ್ಯ. ಮುಂಬಯಿಯ ಕಡೆಯಿಂದ ಜಿ.ಐ.ಪಿ. (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲು ಸೊಲ್ಲಾಪುರಕ್ಕೆ ಬಂದದ್ದು 1860ರಲ್ಲಿ. 1871ರ ಹೊತ್ತಿಗೆ ಅದು ರಾಯಚೂರು ಮುಟ್ಟಿ ಮದರಾಸಿನ ದಾರಿಗೆ ಕೂಡಿತು. 1880ರ ದಶಕದಲ್ಲಿ ಹೋಟಗಿಯಿಂದ ಇನ್ನೊಂದು ಕವಲು ಬಿಜಾಪುರ, ಬಾಗಲಕೋಟೆಗಳ ಮೇಲೆ ಗದಗಕ್ಕೆ ಹೋಯಿತು. ಮುಂಬಯಿಯನ್ನೂ ಹಿಂದುಸ್ತಾನಿ ಗಾಯನದ ತವರಾದ ಧಾರವಾಡ ಸೀಮೆಯನ್ನೂ ಒಂದಕ್ಕೊಂದು ಕಟ್ಟಿದ ದಾರಿಗಳಲ್ಲಿ ಇದೂ ಒಂದು. ಮುಂದೆ ಬರುವ ಹೆಸರುಗಳಲ್ಲಿ ಹಲವು ಈ ಹಳಿಯ ಆಸುಪಾಸಿನವೇ.

ಅರಗಿನ ತಟ್ಟೆ

ಭಾರತದಲ್ಲಿ ಮಾರಾಟಕ್ಕೆಂದು ದನಿಮುದ್ರಣ ಶುರುವಾದದ್ದು 1902ರ ನವೆಂಬರಿನಲ್ಲಿ, ಕಲ್ಕತ್ತದಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಆಗ ಮುದ್ರಿಸಿಕೊಂಡವರಲ್ಲಿ ಗೌಹರ್ ಜಾನ್ ಪ್ರಸಿದ್ಧರು. ಆಕೆ ಹಾಡು ಮುಗಿಯುತ್ತಲೇ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಇದಕ್ಕೆ ಕೆಲಸದ ಕಾರಣವಿತ್ತು. ಆಗಿನ ಮೇಣದ ಮೂಲಪ್ರತಿಗಳು ಅಚ್ಚಿಗಾಗಿ ಹಡಗು ಹತ್ತಿ ಜರ್ಮನಿಯ ಹ್ಯಾನೋವರ್‌ಗೆ ಹೋಗುತ್ತಿದ್ದವು. ಹಾಡಿದವರು ಯಾರೆಂದು ಅಲ್ಲಿಯ ಕೆಲಸಗಾರರಿಗೆ ಗೊತ್ತಾಗಬೇಕಿತ್ತು. 1908ರಲ್ಲಿ ಕಲ್ಕತ್ತದ ಸಿಯಾಲ್ದಾದಲ್ಲಿಯೇ ಅಚ್ಚಿನ ಕಾರ್ಖಾನೆ ಎದ್ದಿತು. 1928ರ ಸುಮಾರಿಗೆ ಕೆಲಸ ದಮ್‌ದಮ್‌ಗೆ ಸರಿಯಿತು. ಗೌಹರ್ ಜಾನ್ ಕೊನೆಯ ದಿನಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿ ತೀರಿಕೊಂಡರು.

ಈ ತಟ್ಟೆಗಳ ಮುಖ್ಯ ವಸ್ತು ಅರಗು. ಮರದ ಮೇಲಿನ ಹುಳು ಒಸರುವ ಅರಗಿಗೆ ಕಲ್ಲಿನ ಹುಡಿ, ಮಸಿ, ಹತ್ತಿಯ ಎಳೆ ಬೆರೆಸಿ, ಬಿಸಿಯಲ್ಲಿ ಒತ್ತಿ ತಟ್ಟೆ ಮಾಡುತ್ತಿದ್ದರು. ಜಗತ್ತಿನ ತಟ್ಟೆಗಳಿಗೆ ಬೇಕಾದ ಅರಗಿನಲ್ಲಿ ಹೆಚ್ಚಿನದು ಭಾರತದಿಂದಲೇ ಹೋಗುತ್ತಿತ್ತು. 10 ಇಂಚಿನ ತಟ್ಟೆ ನಿಮಿಷಕ್ಕೆ 78 ಸುತ್ತಿನ ವೇಗದಲ್ಲಿ ತಿರುಗಿ, ಮಗ್ಗುಲಿಗೆ ಸುಮಾರು 3 ನಿಮಿಷ ಹಾಡುತ್ತಿತ್ತು. ಕೈಜಾರಿ ಬಿದ್ದರೆ ಹಪ್ಪಳದಂತೆ ಚೂರಾಗುತ್ತಿತ್ತು. ಉಕ್ಕಿನ ಮುಳ್ಳನ್ನು ಮಗ್ಗುಲಿಗೊಮ್ಮೆ ಬದಲಿಸಬೇಕು, ಸ್ಪ್ರಿಂಗ್ ಯಂತ್ರಕ್ಕೆ ಮತ್ತೆ ಮತ್ತೆ ಕೀಲಿ ಕೊಡಬೇಕು. ವಿದ್ಯುತ್ತು ಬೇಡದ ಈ ಯಂತ್ರ ಹಳ್ಳಿಗೆ ಹೇಳಿ ಮಾಡಿಸಿದಂತಿತ್ತು. ಅದಕ್ಕಾಗಿಯೇ ಪಶ್ಚಿಮದಲ್ಲಿ 78ರ ತಟ್ಟೆ ಮೂಲೆ ಸೇರಿದ ಮೇಲೂ ಭಾರತದಲ್ಲಿ 1960ರ ದಶಕದುದ್ದಕ್ಕೂ ಅದನ್ನು ಒತ್ತುತ್ತಿದ್ದರು. ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಳು ಕೂಡ ದಮ್‌ದಮ್‌ನಲ್ಲಿ ಅರಗಿನ ತಟ್ಟೆಯಾಗಿ ಹೊರಬಿದ್ದವು. ಇಂದು ಸಂಗ್ರಾಹಕರು ಅವುಗಳಿಗಾಗಿ ದೇಶದೇಶ ಹುಡುಕುತ್ತಾರೆ.

3 ನಿಮಿಷದ ಮಿತಿ ಸಂಗೀತದ ಆಕಾರವನ್ನೇ ತಿದ್ದಿತು. ಬೈಠಕ್ಕಿನಲ್ಲಿ ಒಂದು ತಾಸು ಬೆಳೆಯುವ ರಾಗ ಇಲ್ಲಿ ಆಲಾಪದ ಎರಡು ಎಳೆ, ಬಂದಿಶಿನ ಸ್ಥಾಯಿ, ಅಂತರಾ, ನಾಲ್ಕು ತಾನುಗಳಿಗೆ ಇಳಿಯಿತು. ಇದರಿಂದ ರಾಗ ಕೆಟ್ಟಿತೆಂದು ದೂರುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆ ದೂರು ಅರ್ಧ ಮಾತ್ರ ನಿಜ. ಹಿಂದುಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ಚಿಕ್ಕ ತಟ್ಟೆಯಲ್ಲಿ ಮಾಡಿದ್ದು ದೊಡ್ಡ ಬೈಠಕ್ಕಿನ ತುಣುಕಲ್ಲ. ಒಂದು ಸ್ವರದ ಮೇಲೆ ನಿಲ್ಲುವ ಗಳಿಗೆಯನ್ನು ತೂಗಿ ನೋಡಿ, 3 ನಿಮಿಷದೊಳಗೆ ರಾಗದ ಮುಖ ಪೂರ್ತಿ ಕಾಣುವಂತೆ ಕೂಡಿಸಿದ ಬೇರೆಯದೇ ಕಟ್ಟಡ ಅದು. ಆ ಕಾಲಕ್ಕೆ ಅದೂ ಒಂದು ಪ್ರಯೋಗ.

ಆ ಪ್ರಯೋಗ ಎಂಥ ಕಿಡಿ ಹಾರಿಸಿತು ಎಂಬುದಕ್ಕೆ ಗದಗಿನ ಹುಡುಗನೊಬ್ಬನ ಕಥೆ ಇದೆ. ಅಂಗಡಿಯಲ್ಲಿ ಹಾಡುತ್ತಿದ್ದ ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ ಭೀಮಸೇನ ಜೋಶಿ ಗುರುವನ್ನು ಹುಡುಕಲು ಮನೆ ಬಿಟ್ಟರು ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಅದು 1933, ಹುಡುಗನಿಗೆ 11 ವರ್ಷ. ಮೊದಲು ಬಿಜಾಪುರದ ಕಡೆ, ಆಮೇಲೆ ಪುಣೆ. ಟಿಕೆಟ್ಟಿಗೆ ದುಡ್ಡಿಲ್ಲದ ಹುಡುಗ ರೈಲಿನಲ್ಲಿ ಹಾಡುತ್ತಾ ಹೋದದ್ದು ಈ ಸೀಮೆಯ ಹಳಿಗಳ ಮೇಲೆಯೇ. ಕೊನೆಗೆ ಗುರು ದೊರೆತದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ: ಅಬ್ದುಲ್ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರು.

ಚೀಟಿ ಮತ್ತು ದನಿ

ತಟ್ಟೆಯ ನಡುವಿನ ದುಂಡು ಕಾಗದಕ್ಕೆ ಚೀಟಿ ಎನ್ನೋಣ. ಗ್ರಾಮಫೋನ್ ಕಂಪನಿಯ ಎಚ್.ಎಂ.ವಿ. ಮುದ್ರೆಯ ಹಳೆಯ ಚೀಟಿಗಳಲ್ಲಿ ಹಾಡಿನ ಭಾಷೆಯನ್ನು ‘ಕೆನರೀಸ್’ ಎಂದೋ ‘ಮರಾಠಿ’ ಎಂದೋ ‘ಹಿಂದುಸ್ತಾನಿ’ ಎಂದೋ ಅಚ್ಚು ಹಾಕುತ್ತಿದ್ದರು. ಕಂಪನಿಯ ಪಟ್ಟಿಯೂ ಭಾಷೆಯ ಕಟ್ಟಿಗೆ ತಕ್ಕಂತೆಯೇ. ಹಾಡುವವರ ಗಂಟಲು ಮಾತ್ರ ಆ ಕಟ್ಟುಗಳನ್ನು ಮೀರಿತ್ತು.

ಗಂಗೂಬಾಯಿ ಹಾನಗಲ್ಲರ (1913–2009) ಮೊದಲ ತಟ್ಟೆಗಳು 1930ರ ದಶಕದ ಆರಂಭದವು. ಚೀಟಿಯ ಮೇಲೆ ಅವರ ಹೆಸರು ಹುಬ್ಬಳ್ಳಿಯ ಗಾಂಧಾರಿ. ಆ ಹೊತ್ತಿನಲ್ಲಿ ಅವರು ಮರಾಠಿ ಭಾವಗೀತೆಗಳನ್ನೂ ಹಾಡಿದರು, ಗಾಯಕ ಜಿ.ಎನ್. ಜೋಶಿಯವರ ಜೊತೆಗಿನ ಯುಗಳಗೀತೆಗಳು ಮಹಾರಾಷ್ಟ್ರದ ಮನೆಮನೆಗೆ ಹೋದವು. ಈ ತಟ್ಟೆಗಳನ್ನು ಇಂದು ಕೇಳುವವರಿಗೆ ಮೊದಲು ನಂಬಿಕೆಯೇ ಬರುವುದಿಲ್ಲ. ನಾವು ಬಲ್ಲ ಗಂಗೂಬಾಯಿಯವರದು ಗಂಡುದನಿಯಂತೆ ತುಂಬಿದ, ಆಳದಿಂದ ಏಳುವ ದನಿ. ಗಾಂಧಾರಿಯದು ತೆಳುವಾದ, ಮೇಲಿನ ಷಡ್ಜಕ್ಕೆ ಹಕ್ಕಿಯಂತೆ ಹಾರುವ ದನಿ. ನಡುವೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿಯೇ ಬದಲಾಯಿತು. ಒಬ್ಬರೇ ಹೆಂಗಸಿನ ಎರಡು ದನಿಗಳಲ್ಲಿ ಮೊದಲನೆಯದು ಉಳಿದಿರುವುದು ಆ ಅರಗಿನ ತಟ್ಟೆಗಳಲ್ಲಿಯೇ. ಅವು ಒಡೆದರೆ ಆ ದನಿಯೂ ಹೋಯಿತು. ಕನ್ನಡದ ಸಂಗ್ರಹಾಲಯಗಳು ಬೇರೆ ಏನನ್ನು ಬಿಟ್ಟರೂ ‘ಗಾಂಧಾರಿ’ ಎಂಬ ಹೆಸರಿನ ಒಂದೊಂದು ತಟ್ಟೆಯನ್ನೂ ಹುಡುಕಿ ಕಾಪಾಡಬೇಕು.

ಮಲ್ಲಿಕಾರ್ಜುನ ಮನಸೂರರ ತಟ್ಟೆಗಳೂ 1930ರ ದಶಕದಲ್ಲಿಯೇ ಬಂದವು. ನಾಟಕ ಕಂಪನಿಯಿಂದ ಬಂದ ಅವರು ಕೆಲಕಾಲ ಎಚ್.ಎಂ.ವಿ.ಯ ಸಂಗೀತ ನಿರ್ದೇಶಕರಾಗಿದ್ದರು, ಆಮೇಲೆ ಧಾರವಾಡ ಆಕಾಶವಾಣಿಯ ಸಲಹೆಗಾರರಾದರು. ವಚನವನ್ನು ಖಯಾಲಿನ ಹದದಲ್ಲಿ ಹಾಡುವ ದಾರಿಯನ್ನು ಗಟ್ಟಿಗೊಳಿಸಿದವರಲ್ಲಿ ಅವರು ಮೊದಲಿಗರ ಸಾಲಿನವರು. ವಚನಕಾರ ಸಿದ್ಧರಾಮೇಶ್ವರರ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಹೀಗಾಗಿ ವಚನಗಾಯನಕ್ಕೆ ಗಡಿಯ ಆಚೆ ಈಚೆ ಎರಡೂ ಕಡೆ ಕಿವಿಗಳಿದ್ದವು.

ಆಗಿನ ಬಿಜಾಪುರ ಜಿಲ್ಲೆಯ ಬೀಳಗಿಯಿಂದ ಹೊರಟ ಅಮೀರಬಾಯಿ ಕರ್ನಾಟಕಿಯವರ ಕಥೆ ಇನ್ನೂ ತೀಕ್ಷ್ಣ. ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಗೆ ಹೋಗಿ ಬಾಲಗಂಧರ್ವರ ಜೊತೆ ನಟಿಸಿ ಹಾಡಿದರು. ಅಮೀರಬಾಯಿ ಮುಂಬಯಿಯ ಹಿಂದಿ ಸಿನಿಮಾದಲ್ಲಿ ಹೆಸರಾದರು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳ ತಟ್ಟೆ ದೇಶವೆಲ್ಲ ಮೊಳಗಿತು. ಚೀಟಿಯಲ್ಲಿ ಭಾಷೆ ಹಿಂದಿ, ಆದರೆ ಹಾಡಿದವರ ಹೆಸರಿನ ಕೊನೆಯಲ್ಲಿಯೇ ನಾಡಿನ ಹೆಸರಿತ್ತು. ಬಿಜಾಪುರದ ಅಮೀರ್ ಟಾಕೀಸ್ ಅವರು ಕಟ್ಟಿಸಿದ್ದು. ರಹಮತ್ ತರೀಕೆರೆಯವರು ಅವರ ಮೇಲೆ ಕನ್ನಡದಲ್ಲಿ ಪುಸ್ತಕ ಬರೆದ ಮೇಲೆಯೇ ಈ ಅಕ್ಕತಂಗಿಯರು ಕನ್ನಡ ಓದುಗರ ಕಣ್ಣಿಗೆ ಮತ್ತೆ ಬಿದ್ದರು. ಅಷ್ಟು ವರ್ಷ ಅವರನ್ನು ಮರೆಸಿದ ಕಾರಣಗಳಲ್ಲಿ ಆ ಚೀಟಿಯೂ ಒಂದು.

ವಿನೈಲ್ ಮತ್ತು 45

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ 33⅓ ಸುತ್ತಿನ ಎಲ್.ಪಿ.ಯನ್ನು, ಮರುವರ್ಷ ಆರ್.ಸಿ.ಎ. ವಿಕ್ಟರ್ ಕಂಪನಿ 45 ಸುತ್ತಿನ 7 ಇಂಚಿನ ಚಿಕ್ಕ ತಟ್ಟೆಯನ್ನು ತಂದವು. ಅರಗಿನ ಬದಲು ವಿನೈಲ್ ಎಂಬ ಪ್ಲಾಸ್ಟಿಕ್. ಒಡೆಯದು, ಹಗುರ, ಗೆರೆ ಸಣ್ಣ. 7 ಇಂಚಿನಲ್ಲಿ ಎರಡು ಬಗೆ: ಮಗ್ಗುಲಿಗೊಂದು ಹಾಡಿನ ಸಿಂಗಲ್, ಮಗ್ಗುಲಿಗೆ ಎರಡು ಹಾಡು ಹಿಡಿಯುವ ಇ.ಪಿ. ಕನ್ನಡ ಸಿನಿಮಾ ಹಾಡುಗಳು 1960 ಮತ್ತು 70ರ ದಶಕಗಳಲ್ಲಿ ಮನೆಗೆ ಬಂದದ್ದು ಬಹುಮಟ್ಟಿಗೆ ಇ.ಪಿ.ಗಳಲ್ಲಿ, ಹಬ್ಬ, ಜಾತ್ರೆ, ಮದುವೆಗಳಲ್ಲಿ ಲೌಡ್‌ಸ್ಪೀಕರಿನವರ ಪೆಟ್ಟಿಗೆಯಲ್ಲಿಯೂ ಅವೇ. 1978ರ ‘ನಿತ್ಯೋತ್ಸವ’ ಕನ್ನಡ ಭಾವಗೀತೆಯನ್ನು ಕ್ಯಾಸೆಟ್ಟಿಗೆ ತಂದ ಮೇಲೆ ತಟ್ಟೆಯ ಕಾಲ ಬೇಗ ಇಳಿಮುಖವಾಯಿತು.

ಒಂದು ತಟ್ಟೆಯನ್ನು ಕೆಲವೇ ಪ್ರತಿ ಒತ್ತುವುದೇಕೆ ಎಂಬುದು ಅದರ ತಯಾರಿಕೆ ತಿಳಿದರೆ ಅರ್ಥವಾಗುತ್ತದೆ. ಮೊದಲು ಮೆರುಗೆಣ್ಣೆ ಬಳಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಗೆರೆ ಕೊರೆಯುತ್ತಾರೆ. ಅದರ ಮೇಲೆ ಬೆಳ್ಳಿಯ ತೆಳು ಪದರ ಹಿಡಿಸಿ, ವಿದ್ಯುತ್ತಿನಿಂದ ನಿಕಲ್ ಬೆಳೆಸುತ್ತಾರೆ. ಬಿಡಿಸಿ ತೆಗೆದ ನಿಕಲ್ ತಟ್ಟೆ ‘ತಂದೆ’, ಅದರಿಂದ ಎಬ್ಬಿಸಿದ್ದು ‘ತಾಯಿ’, ತಾಯಿಯಿಂದ ಒತ್ತುವ ಅಚ್ಚು. ವಿನೈಲಿನ ಮುದ್ದೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಹಬೆಯ ಬಿಸಿಯಲ್ಲಿ ಒತ್ತಿದರೆ ತಟ್ಟೆ. ಒಂದು ಅಚ್ಚು ಸವೆಯುವ ಮುನ್ನ ಸಾವಿರದ ಆಸುಪಾಸು ತಟ್ಟೆ ಕೊಡುತ್ತದೆ. ಕೊರೆಯುವ, ಅಚ್ಚು ಎಬ್ಬಿಸುವ ಖರ್ಚು 100 ಪ್ರತಿಗೂ 1000 ಪ್ರತಿಗೂ ಒಂದೇ. ದೊಡ್ಡ ಕಂಪನಿ ಸಾವಿರಾರು ಪ್ರತಿಯಲ್ಲಿ ಆ ಖರ್ಚು ಹಂಚುತ್ತದೆ. ಕೇಳುಗರು ಕೆಲವೇ ನೂರು ಮಂದಿ ಇರುವ ತಂಡ 300 ಇಲ್ಲವೆ 500 ಒತ್ತಿಸಿ, ಹೊದಿಕೆಯ ಮೇಲೆ ಕೈಯಿಂದ ಸಂಖ್ಯೆ ಬರೆದು, ತಾನೇ ಮಾರುತ್ತದೆ. ಕಂಪನಿಯ ಹಂಗಿಲ್ಲದ, ರೇಡಿಯೋ ಮುಟ್ಟದ ಇಂಥ ಸಂಗೀತಕ್ಕೆ ಅಂಡರ್‌ಗ್ರೌಂಡ್ ಎಂಬ ಹೆಸರು 1960ರ ದಶಕದಲ್ಲಿ ಅಂಟಿತು.

ಭಾರತದಲ್ಲಿ ಈ ಬಗೆಯ ಕೆಲಸ ಚದುರಿ ನಡೆಯಿತು. ಒಂದು ಸಿಗರೇಟು ಬ್ರಾಂಡಿನ ಪ್ರಚಾರಕ್ಕಾಗಿ ನಡೆದ ‘ಸಿಮ್ಲಾ ಬೀಟ್’ ಸ್ಪರ್ಧೆಯ ತಂಡಗಳ ಹಾಡು 1970 ಮತ್ತು 1971ರಲ್ಲಿ ಎಲ್.ಪಿ.ಗಳಾಗಿ ಬಂದವು. ಮುಂಬಯಿಯ ಚರಣಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಸಿಂಥಸೈಜರಿನಲ್ಲಿ ಡಿಸ್ಕೋ ಲಯಕ್ಕೆ ಕೂರಿಸಿದ ತಟ್ಟೆಯನ್ನು ಆಗ ಕೇಳಿದವರು ಕಡಿಮೆ. 2010ರ ಮರುಮುದ್ರಣದ ಮೇಲೆ ಅದು ಜಗತ್ತಿನ ಮಾತಾಯಿತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಶುರುವಾದ ಎಲೆಕ್ಟ್ರಾನಿಕ್ ಸಂಗೀತದ ಕೆಲಸ ವಿನೈಲಿಗೆ ಏರಿದ್ದು ಅರ್ಧ ಶತಮಾನ ಕಳೆದು, 2023ರಲ್ಲಿ.

ಬೆಂಗಳೂರಿನ ತಾಳ, ಮ್ಯೂನಿಕ್‌ನ ತಟ್ಟೆ

ಕರ್ನಾಟಕಕ್ಕೆ ಅತಿ ಹತ್ತಿರದ ಉದಾಹರಣೆ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇದು ತಾಳವಾದ್ಯಗಳ ಶಾಲೆ, ಜೊತೆಗೆ ಕಚೇರಿ ನಡೆಸುವ ತಂಡ. ಮೃದಂಗದ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಇದರ ಜೀವಾಳ.

ಅತ್ತ ಮ್ಯೂನಿಕ್‌ನಲ್ಲಿ 1969ರಲ್ಲಿ ಕ್ರಿಶ್ಚಿಯನ್ ಬುರ್ಖಾರ್ಡ್ ಮೊದಲಾದವರು ಎಂಬ್ರಿಯೋ ಎಂಬ ತಂಡ ಕಟ್ಟಿದ್ದರು. ರಾಕ್, ಜಾಜ್, ಪೂರ್ವದ ಸಂಗೀತಗಳನ್ನು ಬೆರೆಸಿ ನುಡಿಸುತ್ತಿದ್ದ ಇವರಿಗೆ ದೊಡ್ಡ ಕಂಪನಿಗಳ ಕಟ್ಟಳೆ ಒಗ್ಗಲಿಲ್ಲ. 1970ರ ದಶಕದ ನಡುವಿನಲ್ಲಿ ಬೇರೆ ಕೆಲವು ತಂಡಗಳೊಡನೆ ಸೇರಿ ಸ್ವಂತ ಮುದ್ರಣ ಸಂಸ್ಥೆಯೊಂದನ್ನು ಹುಟ್ಟಿಸಿದರು. ಅದಕ್ಕೆ ಮುಂದೆ ಷ್ನೇಬಾಲ್ ಎಂಬ ಹೆಸರು ನಿಂತಿತು. ಜರ್ಮನ್ ಭಾಷೆಯಲ್ಲಿ ಹಿಮದ ಉಂಡೆ ಎಂದರ್ಥ. ಹಾಡುವವರೇ ಒಡೆಯರು, ಮಾರುವವರೂ ಅವರೇ. 1978ರಲ್ಲಿ ಎಂಬ್ರಿಯೋದವರು ಬಸ್ಸಿನಲ್ಲಿ ಹೊರಟು ಇರಾನ್, ಅಫಘಾನಿಸ್ತಾನಗಳ ಮೇಲೆ ಭಾರತಕ್ಕೆ ಬಂದರು. ದಾರಿಯುದ್ದ ಸಿಕ್ಕ ಸಂಗೀತಗಾರರೊಡನೆ ನುಡಿಸಿದ್ದು 1979ರಲ್ಲಿ ಜೋಡಿ ಎಲ್.ಪಿ.ಯಾಯಿತು. ಮರುವರ್ಷ ಷ್ನೇಬಾಲ್‌ನಿಂದಲೇ ಬಂದ ‘ಲೈಫ್’ ಎಲ್.ಪಿ.ಯಲ್ಲಿ ಎಂಬ್ರಿಯೋ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೋ, ಬೆಂಗಳೂರಿನ ತಂಡ ಮೂವರೂ ಒಟ್ಟಿಗೆ ಇದ್ದರು. ಎಂಬ್ರಿಯೋದಿಂದ ಹೊರಬಂದವರು 1981ರಲ್ಲಿ ಕಟ್ಟಿದ ಡಿಸಿಡೆಂಟನ್ ಎಂಬ ತಂಡವೂ ತನ್ನ ಮೊದಲ ಎಲ್.ಪಿ. ‘ಜರ್ಮನಿಸ್ತಾನ್’ (1982) ಮಾಡಿದ್ದು ಇದೇ ಬೆಂಗಳೂರಿನವರೊಡನೆ.

ಇವುಗಳ ನಂತರ ಬಂದದ್ದು ‘ಜ್ಯೋತಿ’. 1983ರ ಫೆಬ್ರುವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬುರ್ಗ್‌ನ ಸ್ಟುಡಿಯೋದಲ್ಲಿ ಮುದ್ರಣವಾಗಿ ಇ.ಸಿ.ಎಂ. ಸಂಸ್ಥೆಯಿಂದ ಹೊರಬಂದ ಈ ತಟ್ಟೆಯಲ್ಲಿ ಮಾರಿಯಾನೋ ಮತ್ತು ರಮಾಮಣಿ, ಮಣಿಯವರ ಜೊತೆ ಘಟ, ಮೋರ್ಸಿಂಗ್‌ಗಳಿಗೆ ಆರ್.ಎ. ರಾಜಗೋಪಾಲ್, ಖಂಜಿರಕ್ಕೆ ಟಿ.ಎನ್. ಶಶಿಕುಮಾರ್ ಇದ್ದಾರೆ. ಕೊನೆಯ ಇಬ್ಬರು ಕೊನ್ನಕ್ಕೋಲನ್ನೂ ಹೇಳುತ್ತಾರೆ. ತಾಳದ ಸೊಲ್ಲುಗಳನ್ನು ಬಾಯಿಂದಲೇ ನುಡಿಸುವ ಕಲೆ ಅದು. ಮೊದಲ ಭಾಗ ರಮಾಮಣಿಯವರ ದನಿಯೊಂದೇ. ಆಮೇಲೆ ಬರುವ ಸ್ಯಾಕ್ಸೊಫೋನು ಆ ದನಿಯ ಗಮಕವನ್ನು ಕಲಿಯಲು ಬಂದ ಶಿಷ್ಯನಂತೆ ನಡೆದುಕೊಳ್ಳುತ್ತದೆ. ಪೂರ್ವ ಪಶ್ಚಿಮಗಳನ್ನು ಬೆಸೆದ ತಟ್ಟೆಗಳು ಆ ಕಾಲದಲ್ಲಿ ಬೇಕಾದಷ್ಟು ಬಂದವು. ಹೆಚ್ಚಿನವುಗಳಲ್ಲಿ ಭಾರತದ ವಾದ್ಯ ಒಗ್ಗರಣೆಗೆ ಹಾಕಿದ ಕರಿಬೇವು. ‘ಜ್ಯೋತಿ’ಯಲ್ಲಿ ಹಾಗಿಲ್ಲ, ಲಯದ ಲೆಕ್ಕವೆಲ್ಲ ಬೆಂಗಳೂರಿನದೇ. ಕರ್ನಾಟಕದಿಂದ ಹೊರಟ ಪ್ರಯೋಗದ ತಟ್ಟೆಗಳಲ್ಲಿ ಇದಕ್ಕೆ ಮೊದಲ ಮಣೆ ಸಲ್ಲಬೇಕು. ಆದರೆ ಅಂಗಡಿಯ ಕಪಾಟಿನಲ್ಲಿ ಅದು ಸೇರುವುದು ಜರ್ಮನಿಯ ಜಾಜ್ ಎಂಬ ಕಟ್ಟಿಗೆ. ಗಾಂಧಾರಿಗೆ, ಅಮೀರಬಾಯಿಗೆ ಆದದ್ದೇ ಇಲ್ಲಿಯೂ ಆಯಿತು.

ಆಮೇಲಿನ ಬೆಂಗಳೂರು ಬೇರೆ ದಾರಿ ಹಿಡಿಯಿತು. 1998ರಲ್ಲಿ ಹುಟ್ಟಿದ ಹೆವಿ ಮೆಟಲ್ ತಂಡ ಕ್ರಿಪ್ಟೋಸ್ ಜರ್ಮನಿಯ ಎ.ಎಫ್.ಎಂ. ಸಂಸ್ಥೆಯ ಮೂಲಕ ಆಲ್ಬಂ ಹೊರತಂದಿತು. 2012ರಲ್ಲಿ ಮೊದಲ ಆಲ್ಬಂ ತಂದ ಇನ್ನೊಂದು ತಂಡ ತನ್ನ ಹೆಸರನ್ನು ಬೇವರ್ ಸೀ ಎಂದು ಇಂಗ್ಲಿಷಿನಂತೆ ಬರೆದುಕೊಂಡಿತು. ಕನ್ನಡದ ಕಿವಿಗೆ ಅದು ಅಪ್ಪಟ ಬೀದಿಬೈಗುಳ. ಹಾಡು ಇಂಗ್ಲಿಷಾದರೂ ಹೆಸರು ತವರಿನದು.

ಉಳಿಸಿಕೊಳ್ಳುವುದು

ಹಳೆಯ ತಟ್ಟೆಗಳ ಹುಡುಕಾಟಕ್ಕೆ 1990ರಲ್ಲಿ ಮುಂಬಯಿಯಲ್ಲಿ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘ ಹುಟ್ಟಿತು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳಂಥ ಕಡೆ ಹುಡುಕುವವರು ಕನ್ನಡ, ಮರಾಠಿ ಎರಡು ಕಟ್ಟುಗಳನ್ನೂ ಬಿಚ್ಚಿ ನೋಡಬೇಕು. ಇಲ್ಲಿಯ ಅಟ್ಟದ ಪೆಟ್ಟಿಗೆಯಲ್ಲಿ ಬಾಲಗಂಧರ್ವರ ನಾಟ್ಯಪದದ ಪಕ್ಕದಲ್ಲಿಯೇ ವಚನವೋ ದಾಸರ ಪದವೋ ಇದ್ದರೆ ಅಚ್ಚರಿಯಿಲ್ಲ. ಆ ಪೆಟ್ಟಿಗೆಯನ್ನು ಭಾಷೆಯ ಲೆಕ್ಕದಲ್ಲಿ ಒಡೆದು ಬೇರೆ ಬೇರೆ ಕಡೆ ಹಂಚಿದರೆ, ಒಂದು ಮನೆಯವರು ಏನೇನು ಕೇಳುತ್ತಿದ್ದರು ಎಂಬ ದಾಖಲೆಯೇ ಅಳಿಯುತ್ತದೆ. ಎಲ್ಲಿ ಸಿಕ್ಕಿತು, ಯಾವ ತಟ್ಟೆಯ ಜೊತೆ ಸಿಕ್ಕಿತು ಎಂಬುದನ್ನು ಬರೆದಿಡುವುದು ಹಾಡನ್ನು ಕಂಪ್ಯೂಟರಿಗೆ ಇಳಿಸುವುದರಷ್ಟೇ ಮುಖ್ಯ.

ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಬಾರದು. ಪುಸ್ತಕದಂತೆ ನೆಟ್ಟಗೆ ನಿಲ್ಲಿಸಬೇಕು. ಈ ಸೀಮೆಯ ಬೇಸಗೆಯಲ್ಲಿ ತಗಡಿನ ಮಾಡಿನ ಕೆಳಗಿಟ್ಟರೆ ವಿನೈಲ್ ಬಾಗುತ್ತದೆ. ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಎಂದೂ ಒರೆಸಬಾರದು, ಅರಗು ಅದರಲ್ಲಿ ಕರಗುತ್ತದೆ. ಮೆತ್ತನೆಯ ಬಟ್ಟೆ, ಚೀಟಿಗೆ ತಾಗದಷ್ಟು ತಣ್ಣೀರು ಸಾಕು. 78ರ ತಟ್ಟೆಯ ಗೆರೆ ಅಗಲ, ಆದ್ದರಿಂದ ಎಲ್.ಪಿ.ಯ ಮುಳ್ಳಿನಿಂದ ಅದನ್ನು ನುಡಿಸಬಾರದು. ಚೀಟಿ ಹುಳು ತಿಂದು ಹೋಗಿದ್ದರೆ, ಕೊನೆಯ ಗೆರೆಗೂ ಚೀಟಿಗೂ ನಡುವೆ ಇರುವ ನುಣುಪು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಕಾರ್ಖಾನೆಯವರು ಮೂಲಪ್ರತಿಗೆ ಕೊಟ್ಟ ಸಂಖ್ಯೆ ಹಲವು ವೇಳೆ ಅಲ್ಲಿ ಸಣ್ಣಗೆ ಕೊರೆದಿರುತ್ತದೆ. ಕಂಪನಿಯ ಹಳೆಯ ಪಟ್ಟಿಗೆ ಅದನ್ನು ತಾಳೆ ನೋಡಿ, ಹಾಡಿದವರು ಯಾರೆಂದು ಗುರುತಿಸಬಹುದು.